ಪರಹಸ್ತದಲ್ಲಿ ಮುದ್ರೆಯುಂಗುರ

ವಿಶಾಖದತ್ತನ ‘ಮುದ್ರಾರಾಕ್ಷಸ’ವನ್ನು ಓದಿದವರಿಗೆ ಅಮಾತ್ಯ ರಾಕ್ಷಸನ ಸೋಲಿನ ಕಥೆ ಹೊಸದಲ್ಲ. ನಂದರ ಆ ನಿಷ್ಠಾವಂತ ಮಂತ್ರಿಯು ಸೋತುದು ರಣರಂಗದಲ್ಲಲ್ಲ, ತನ್ನದೇ ಒಂದು ಉಂಗುರದಿಂದ. ಪಾಟಲೀಪುತ್ರವನ್ನು ಬಿಟ್ಟು ಹೊರಟಾಗ ಆತನ ಹೆಸರನ್ನು ಕೆತ್ತಿದ್ದ ಮುದ್ರೆಯುಂಗುರವು ಹೆಂಡತಿಯ ಬಳಿ ಉಳಿಯಿತು. ಗಂಡಸಿನ ಬೆರಳಿನ ಅಳತೆಗೆ ಮಾಡಿಸಿದ್ದು ಹೆಣ್ಣಿನ ಬೆರಳಿನಲ್ಲಿ ನಿಲ್ಲುವುದೆ? ಜಾರಿ ಬಿದ್ದು ಗೂಢಚಾರನ ಕೈಸೇರಿತು. ಅಲ್ಲಿಂದ ಚಾಣಕ್ಯನ ಕೈಗೆ ಬಂದಿತು. ಚಾಣಕ್ಯನು ರಾಕ್ಷಸನ ಮಿತ್ರನಾದ ಶಕಟದಾಸನಿಂದಲೇ, ಗುಟ್ಟು ತಿಳಿಯದಂತೆ, ಒಂದು ಓಲೆಯನ್ನು ಬರೆಯಿಸಿ ಅದಕ್ಕೆ ಆ ಮುದ್ರೆಯನ್ನು ಒತ್ತಿಸಿದನು. ಮುಂದೆ ಮಲಯಕೇತುವಿನೆದುರು ರಾಕ್ಷಸನು ತಾನು ಬರೆಯಿಸಿದ ಓಲೆ ಅದಲ್ಲವೆಂದರೆ ನಂಬುವವರಾರು? ಅಕ್ಷರ ಅವನ ಕಡೆಯವನದು, ಮುದ್ರೆ ಅವನದೇ. ನಮ್ಮ ಕೆಂಪುನಾರಾಯಣನು 1823ರಲ್ಲಿ ‘ಮುದ್ರಾಮಂಜೂಷ’ವೆಂಬ ಗದ್ಯಕೃತಿಯಲ್ಲಿ ಈ ಕಥೆಯನ್ನೇ ಕನ್ನಡಿಗರಿಗೆ ಹೇಳಿದನು.

ನಮ್ಮ ಕಾಲದಲ್ಲಿ ಈ ಮುದ್ರೆಯುಂಗುರಕ್ಕೆ ಪಾಸ್‌ವರ್ಡ್ ಎಂದು ಹೆಸರು. ಪ್ರಾಂಶುಪಾಲರು, ವಿಭಾಗದ ಮುಖ್ಯಸ್ಥರು, ವೈದ್ಯರು, ಅಧಿಕಾರಿಗಳು ಇದನ್ನು ಕಿರಿಯ ಸಹೋದ್ಯೋಗಿಯ ಕೈಗೆ ಕೊಟ್ಟು ನಿಶ್ಚಿಂತರಾಗಿರುವುದು ಸರ್ವೇಸಾಮಾನ್ಯ. ಅವರನ್ನು ಪೂರ್ತಿಯಾಗಿ ದೂರಲಾಗದು. ವಿಶ್ವವಿದ್ಯಾನಿಲಯದ ಸುತ್ತೋಲೆ, ಪರೀಕ್ಷಾ ವಿಭಾಗದ ಜ್ಞಾಪನ, ನ್ಯಾಕ್ ಸಮಿತಿಯ ಅಂಕಿ‌ಅಂಶ, ಕಾಣದ ಊರುಗಳ ವಿಚಾರಸಂಕಿರಣಗಳ ಆಹ್ವಾನ—ಇವೆಲ್ಲ ಬೆಳಗಾಗುವುದರೊಳಗೆ ಇ-ಮೇಲಿನಲ್ಲಿ ಬಂದು ಕುಳಿತಿರುತ್ತವೆ. ಇವನ್ನು ಓದಿ ಉತ್ತರಿಸುತ್ತ ಕುಳಿತರೆ ಪಂಪನನ್ನು ಓದಿಸುವುದು ಯಾವಾಗ? ಕೆಲಸವನ್ನು ಇನ್ನೊಬ್ಬರಿಗೆ ವಹಿಸುವುದರಲ್ಲಿ ತಪ್ಪಿಲ್ಲ. ವಹಿಸುವ ರೀತಿಯಲ್ಲಿ ತಪ್ಪಿದೆ. ಆ ತಪ್ಪಿನ ಫಲವನ್ನು ಉಣ್ಣುವವರು ಬಹುಮಟ್ಟಿಗೆ ಉಂಗುರವನ್ನು ಕೊಟ್ಟವರಲ್ಲ, ತೊಟ್ಟವರು.

ನಾನು ಬಲ್ಲ ಒಂದು ಕಾಲೇಜಿನಲ್ಲಿ ನಡೆದುದನ್ನು ಹೇಳುತ್ತೇನೆ. ವಿಭಾಗದ ಮುಖ್ಯಸ್ಥರು ಸಜ್ಜನರು, ವಿದ್ವಾಂಸರು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ಕೆಲವು ದಿನ ಕಣ್ಣಿಗೆ ಆಯಾಸ ಕೊಡಬಾರದೆಂದು ವೈದ್ಯರ ಅಪ್ಪಣೆಯಾಯಿತು. ಅತಿಥಿ ಉಪನ್ಯಾಸಕನಾಗಿದ್ದ ಒಬ್ಬ ತರುಣನನ್ನು ಕರೆದು, ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟು, “ಇನ್ನು ನೀನೇ ನೋಡಿಕೊಳ್ಳಪ್ಪ” ಎಂದರು. ತರುಣನಿಗೆ ಅದೊಂದು ಗೌರವವೆನಿಸಿತು. ರಾತ್ರಿ ಹತ್ತರವರೆಗೆ ಕುಳಿತು ಅವರ ಹೆಸರಿನಲ್ಲಿ ಉತ್ತರ ಬರೆದ. ಹೊಸ ಕಂಪ್ಯೂಟರಿನಿಂದ ಒಳಹೋಗುವಾಗ ಓಟಿಪಿ ಅವರ ಫೋನಿಗೆ ಬರುತ್ತಿತ್ತು. “ಸಾರ್, ಓಟಿಪಿ ಹೇಳಿ” ಎಂದು ಅವರನ್ನು ನಿದ್ದೆಯಿಂದ ಎಬ್ಬಿಸಿದ್ದೂ ಉಂಟು.

ಅಷ್ಟರಲ್ಲಿ ಒಬ್ಬ ವಿದ್ಯಾರ್ಥಿನಿಯ ಪಿಎಚ್.ಡಿ. ಮೌಖಿಕ ಪರೀಕ್ಷೆಯ ದಿನಾಂಕವನ್ನು ಸೂಚಿಸಿ ಹೊರಗಿನ ಪರೀಕ್ಷಕರು ಪತ್ರ ಬರೆದರು. ಒಪ್ಪಿಗೆಯಿದೆಯೆಂದು ಒಂದೇ ಸಾಲಿನ ಉತ್ತರ ಹೋಯಿತು. ಆ ದಿನವೇ ಮುಖ್ಯಸ್ಥರು ಕಣ್ಣಿನ ಮರುತಪಾಸಣೆಗೆ ಪರವೂರಿನ ಆಸ್ಪತ್ರೆಗೆ ಹೋಗಬೇಕಾಗಿತ್ತು. ಪರೀಕ್ಷಕರು ರಾತ್ರಿಯೆಲ್ಲ ಬಸ್ಸಿನಲ್ಲಿ ಪ್ರಯಾಣ ಮಾಡಿ ಬಂದರು. ವಿದ್ಯಾರ್ಥಿನಿಯ ತಂದೆತಾಯಿಗಳು ಸಿಹಿಯ ಡಬ್ಬಿಯನ್ನು ಹಿಡಿದು ಬಂದು ವರಾಂಡದಲ್ಲಿ ಕುಳಿತರು. ವಿಭಾಗದ ಬಾಗಿಲಿಗೆ ಬೀಗ. ಪರೀಕ್ಷೆ ಎರಡು ತಿಂಗಳು ಮುಂದಕ್ಕೆ ಹೋಯಿತು.

ಉತ್ತರ ಕಳುಹಿಸಿದವರು ಯಾರು? “ಸಾರ್, ಆ ಪತ್ರವನ್ನು ನಾನು ನೋಡಿಯೂ ಇಲ್ಲ” ಎಂದ ತರುಣ. “ನಾನಂತೂ ಕಣ್ಣೇ ಬಿಟ್ಟಿರಲಿಲ್ಲವಲ್ಲಪ್ಪ” ಎಂದರು ಹಿರಿಯರು. ಅವರ ಫೋನು ಮನೆಯಲ್ಲಿ ಎಲ್ಲರ ಕೈಗೂ ಸಿಗುವಂತಿತ್ತು. ಪತ್ರದ ಕೆಳಗೆ ಸಿದ್ಧವಾದ ಚುಟುಕು ಉತ್ತರಗಳು ಬರುತ್ತವಲ್ಲ, ಮನೆಯವರಲ್ಲಿ ಯಾರೋ ಅದರ ಮೇಲೆ ಬೆರಳಿಟ್ಟಿರಬಹುದು, ಇಡದೆಯೂ ಇರಬಹುದು. ಯಂತ್ರವನ್ನು ಕೇಳಿದರೆ ಅದು ಹೇಳುವುದು ಒಂದೇ ಹೆಸರನ್ನು, ಮುಖ್ಯಸ್ಥರ ಹೆಸರನ್ನು. ಯಾರೂ ತರುಣನನ್ನು ಬೈಯಲಿಲ್ಲ. ಆದರೆ ಅತಿಥಿ ಉಪನ್ಯಾಸಕರ ನೇಮಕ ವರ್ಷದಿಂದ ವರ್ಷಕ್ಕೆ ನಡೆಯತಕ್ಕದ್ದು. ಮರುವರ್ಷದ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ಎರಡಕ್ಕೂ ಸಂಬಂಧವಿಲ್ಲವೆಂದು ಎಲ್ಲರೂ ಹೇಳುತ್ತಾರೆ.

ಇದಕ್ಕೆ ಬೇರೆ ದಾರಿಯೇ ಇಲ್ಲವೆ? ಇದೆ, ಬಹುಕಾಲದಿಂದಲೂ ಇದೆ. ಜೀಮೇಲಿನಲ್ಲಿಯೂ ಔಟ್‌ಲುಕ್ಕಿನಲ್ಲಿಯೂ ನಮ್ಮ ಅಂಚೆಯನ್ನು ನೋಡಿಕೊಳ್ಳಲು ಒಬ್ಬ ಪ್ರತಿನಿಧಿಯನ್ನು ಹೆಸರಿಸಿ ನೇಮಿಸಬಹುದು. ಪಾಸ್‌ವರ್ಡನ್ನು ಹೇಳಬೇಕಾಗಿಲ್ಲ. ಜೀಮೇಲಾದರೆ ಕಂಪ್ಯೂಟರಿನಲ್ಲಿ ಸೆಟ್ಟಿಂಗ್ಸ್ ತೆರೆದು, ಅಕೌಂಟ್ಸ್ ಎಂಬ ವಿಭಾಗದಲ್ಲಿ ಆ ಸಹೋದ್ಯೋಗಿಯ ವಿಳಾಸವನ್ನು ಬರೆಯಬೇಕು. ಅವರಿಗೊಂದು ಆಮಂತ್ರಣ ಹೋಗುತ್ತದೆ. ವಾರದೊಳಗೆ ಒಪ್ಪದಿದ್ದರೆ ಅದು ಬಿದ್ದುಹೋಗುತ್ತದೆ. ಒಪ್ಪಿದರೆ ಹೆಚ್ಚೆಂದರೆ ಒಂದು ದಿನದೊಳಗೆ ಪೆಟ್ಟಿಗೆ ತೆರೆಯುತ್ತದೆ. ಸಂಸ್ಥೆ ಕೊಟ್ಟ ವಿಳಾಸವಾದರೆ ಅಲ್ಲಿನ ಕಂಪ್ಯೂಟರ್ ವ್ಯವಸ್ಥಾಪಕರು ಇದಕ್ಕೆ ಅನುಮತಿ ಕೊಟ್ಟಿರಬೇಕು. ಆಮೇಲೆ ಪ್ರತಿನಿಧಿಯು ತನ್ನದೇ ಪಾಸ್‌ವರ್ಡಿನಿಂದ ಒಳಬಂದು ನಮ್ಮ ಪತ್ರಗಳನ್ನು ಓದಬಹುದು, ಉತ್ತರಿಸಬಹುದು, ಅಳಿಸಲೂಬಹುದು. ನಮ್ಮ ಪಾಸ್‌ವರ್ಡನ್ನು ಬದಲಾಯಿಸಲಾರ. ಚೀಟಿಯಲ್ಲಿ ಬರೆದುಕೊಟ್ಟ ಪಾಸ್‌ವರ್ಡಾದರೋ ಅಂಚೆಯೊಂದನ್ನೇ ಅಲ್ಲ, ಅದೇ ಖಾತೆಯಲ್ಲಿರುವ ಕಡತಗಳನ್ನೂ ಮಗಳ ಮದುವೆಯ ಫೋಟೋಗಳನ್ನೂ ತೆರೆದಿಟ್ಟುಬಿಡುತ್ತದೆ.

ಇದೆಲ್ಲಕ್ಕಿಂತ ಮುಖ್ಯವಾದುದು ಇನ್ನೊಂದು. ಪ್ರತಿನಿಧಿ ಕಳುಹಿಸಿದ ಪತ್ರದಲ್ಲಿ ಒಡೆಯನ ಹೆಸರಿನ ಜೊತೆಗೆ, ಕಳುಹಿಸಿದವರು ಇಂಥವರೆಂದು, ಪ್ರತಿನಿಧಿಯ ವಿಳಾಸವೂ ಕಾಣುತ್ತದೆ. ಅದನ್ನು ಮರೆಮಾಡುವ ಆಯ್ಕೆಯೂ ಉಂಟು; ಮಾಡಬಾರದೆಂದು ನನ್ನ ಮತ. ಔಟ್‌ಲುಕ್ಕಿನಲ್ಲಿಯೂ ಇನ್ನೊಬ್ಬರ ಪರವಾಗಿ ಕಳುಹಿಸುವುದು ಬೇರೆ, ಇನ್ನೊಬ್ಬರೇ ಆಗಿ ಕಳುಹಿಸುವುದು ಬೇರೆ. ಮೊದಲನೆಯದರಲ್ಲಿ ಇಬ್ಬರ ಹೆಸರೂ ಇರುತ್ತದೆ, ಎರಡನೆಯದರಲ್ಲಿ ಒಬ್ಬರದೇ. ನಮ್ಮ ಹಳೆಯ ಶಾಸನಗಳನ್ನು ನೋಡಿದವರಿಗೆ ಇದು ಅಪರಿಚಿತವಾದ ಪದ್ಧತಿಯಲ್ಲ. ದಾನ ಕೊಟ್ಟವನು ಅರಸನೇ ಆದರೂ ಶಾಸನದ ತುದಿಯಲ್ಲಿ ಅದನ್ನು ರಚಿಸಿದವನ, ಬರೆದವನ, ಕಲ್ಲಿನಲ್ಲಿ ಕಂಡರಿಸಿದವನ ಹೆಸರುಗಳು ಎಷ್ಟೋ ಕಡೆ ದೊರೆಯುತ್ತವೆ. ಅರಸನ ಘನತೆಗೆ ಅದರಿಂದ ಕುಂದೇನೂ ಬರಲಿಲ್ಲ. ಆ ತರುಣನ ಹೆಸರು ಅವನು ಬರೆದ ಪತ್ರಗಳಲ್ಲಿ ಹೀಗೆ ಇದ್ದಿದ್ದರೆ, ಅವನು ಬರೆಯದ ಆ ಒಂದು ಪತ್ರದಲ್ಲಿ ಇಲ್ಲದಿರುವುದೇ ಅವನಿಗೆ ಸಾಕ್ಷಿಯಾಗುತ್ತಿತ್ತು.

ಕಾಯಿದೆಯ ಮಾತನ್ನೂ ಹೇಳಿಬಿಡಬೇಕು. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಸಿ ವಿಧಿಯಂತೆ ಪರರ ಪಾಸ್‌ವರ್ಡನ್ನು ಅಪ್ರಾಮಾಣಿಕವಾಗಿ ಬಳಸಿದವರಿಗೆ ಮೂರು ವರ್ಷಗಳವರೆಗೆ ಸೆರೆ, ಒಂದು ಲಕ್ಷ ರೂಪಾಯಿಗಳವರೆಗೆ ದಂಡ. ಒಡೆಯರು ತಾವಾಗಿ ಕೊಟ್ಟಿದ್ದನ್ನು ಅವರ ಕೆಲಸಕ್ಕೇ ಬಳಸಿದವನು ಅಪ್ರಾಮಾಣಿಕನಲ್ಲ, ನಿಜ. ಆದರೆ ಕೊಟ್ಟದ್ದು ಬಾಯಿಮಾತಿನಲ್ಲಿ. ಚೀಟಿ ಎಂದೋ ಕಳೆದುಹೋಗಿರುತ್ತದೆ. ಮನಸ್ತಾಪ ಬಂದ ದಿನ ‘ನಾನು ಕೊಡಲೇ ಇಲ್ಲ’ ಎಂದರೆ ಕಿರಿಯನು ಯಾರ ಬಳಿ ಹೋಗಬೇಕು?

ಇನ್ನು ಕ್ಯಾಲೆಂಡರಿನ ವಿಚಾರ. ಅಂಚೆಯನ್ನು ಕೊಡದೆ ಇದೊಂದನ್ನೇ ಕೊಡಬಹುದು. ಅನೇಕರಿಗೆ ಅಷ್ಟೇ ಸಾಕು. ಗೂಗಲ್ ಕ್ಯಾಲೆಂಡರಿನಲ್ಲಿ ನಾಲ್ಕು ಮೆಟ್ಟಿಲುಗಳಿವೆ: ನಮಗೆ ಬಿಡುವಿದೆಯೋ ಇಲ್ಲವೋ ಎಂಬುದನ್ನು ಮಾತ್ರ ಕಾಣುವುದು, ಕಾರ್ಯಕ್ರಮದ ವಿವರವನ್ನೂ ಕಾಣುವುದು, ತಿದ್ದುವುದು, ತಿದ್ದುವುದರ ಮೇಲೆ ಇತರರಿಗೂ ಪ್ರವೇಶ ಕೊಡುವುದು. ಕೊನೆಯದನ್ನು ಯಾರಿಗೂ ಸುಲಭವಾಗಿ ಕೊಡತಕ್ಕದ್ದಲ್ಲ. ಔಟ್‌ಲುಕ್ಕಿನಲ್ಲಿ ಖಾಸಗಿಯೆಂದು ಗುರುತು ಮಾಡಿದ್ದು, ನಾವಾಗಿ ಅನುಮತಿ ಕೊಟ್ಟ ಹೊರತು ಪ್ರತಿನಿಧಿಗೆ ಕಾಣುವುದಿಲ್ಲ. ಆದರೂ ಆ ಪರದೆಯನ್ನೇ ಪೂರ್ತಿ ನಂಬಬಾರದೆಂದು ತಯಾರಕರೇ ಎಚ್ಚರಿಸಿದ್ದಾರೆ.

ಹಳಗನ್ನಡದಲ್ಲಿ ಬಾಗಿಲು ಕಾಯುವವನಿಗೆ ಪಡಿಯರನೆಂದು ಹೆಸರು. ಅರಸನ ದರ್ಶನ ಯಾರಿಗೆ, ಯಾವಾಗ ಎಂಬುದು ಅರ್ಧ ಅವನ ಕೈಯಲ್ಲಿತ್ತು. ಕ್ಯಾಲೆಂಡರನ್ನು ನೋಡಿಕೊಳ್ಳುವ ಸಹೋದ್ಯೋಗಿಯೂ ಪಡಿಯರನೇ. ಬುಧವಾರ ಮಧ್ಯಾಹ್ನ ಎರಡರಿಂದ ನಾಲ್ಕು ಗಂಟೆಯವರೆಗೆ ಖಾಲಿಯಿದೆಯೆಂದು ಅವನು ಅಲ್ಲೊಂದು ಸಭೆಯನ್ನು ಕೂರಿಸುತ್ತಾನೆ. ಅದು ಮರುದಿನದ ಪಾಠಕ್ಕಾಗಿ ಗ್ರಂಥಾಲಯದಲ್ಲಿ ಕುಳಿತುಕೊಳ್ಳುವ ಹೊತ್ತೆಂದು ಅವನಿಗೇನು ಗೊತ್ತು? ನಾವು ಬರೆದಿಡಬೇಕು. ಯಾವ ಪತ್ರಕ್ಕೆ ಅವನೇ ಉತ್ತರಿಸಬಹುದು, ಯಾವುದಕ್ಕೆ ಕರಡು ಮಾತ್ರ ಬರೆದಿಟ್ಟು ಕಾಯಬೇಕು, ಯಾವುದನ್ನು ಮುಟ್ಟಲೇಬಾರದು ಎಂಬುದನ್ನೂ ಮೊದಲ ದಿನವೇ ಹೇಳಿಬಿಡಬೇಕು. ದಿನಾಂಕವನ್ನು ಒಪ್ಪುವುದು, ಹಣದ ವಿಚಾರ, ವಿದ್ಯಾರ್ಥಿಗಳ ದೂರು—ಈ ಮೂರನ್ನಾದರೂ ಒಡೆಯರೇ ಇಟ್ಟುಕೊಳ್ಳುವುದು ಲೇಸು. ಬ್ಯಾಂಕಿನ ಪತ್ರಗಳೂ ಆಸ್ಪತ್ರೆಯ ವರದಿಗಳೂ ಅದೇ ಪೆಟ್ಟಿಗೆಗೆ ಬರುತ್ತಿದ್ದರೆ ಅವಕ್ಕೆ ಬೇರೊಂದು ವಿಳಾಸ ಮಾಡಿಕೊಂಡ ಮೇಲೆಯೇ ಈ ಕೆಲಸಕ್ಕೆ ಕೈಹಾಕಬೇಕು. ಕಿರಿಯರಿಗೆ ಇದು ಪಾಠದ ಹೊರೆಯ ಮೇಲಿನ ಹೊರೆ ಎಂಬುದನ್ನೂ ಮರೆಯಬಾರದು. ರಾತ್ರಿ ಹತ್ತು ಗಂಟೆಯ ಆ ಉತ್ತರಗಳಿಗೆ ಗೌರವಧನದ ಲೆಕ್ಕದಲ್ಲಿ ಜಾಗವಿಲ್ಲ.

ಒಪ್ಪಂದ ಮುಗಿದ ದಿನ ಪ್ರತಿನಿಧಿಯ ಹೆಸರನ್ನು ತೆಗೆಯುವುದು ಎರಡು ನಿಮಿಷದ ಕೆಲಸ. ಚೀಟಿಯ ಮಾರ್ಗದಲ್ಲಿ ನಡೆದವರು ಪಾಸ್‌ವರ್ಡನ್ನೇ ಬದಲಾಯಿಸಬೇಕು. ಬೇರೆ ಕಂಪ್ಯೂಟರುಗಳಲ್ಲಿ ತೆರೆದೇ ಇರುವ ತಮ್ಮ ಖಾತೆಯನ್ನೂ ಮುಚ್ಚಿಸಬೇಕು. ಒಂದು ಮಾತು ಮಾತ್ರ ಬಹಳ ಜನಕ್ಕೆ ತಿಳಿದಿರುವುದಿಲ್ಲ: ಜೀಮೇಲಿನಿಂದ ಹೆಸರು ತೆಗೆದರೂ ಕ್ಯಾಲೆಂಡರಿನಿಂದ ಅದು ಹೋಗುವುದಿಲ್ಲ. ಅದನ್ನು ಅಲ್ಲಿಯೇ ಬೇರೆಯಾಗಿ ತೆಗೆಯಬೇಕು. ಇಲ್ಲದಿದ್ದರೆ ನೀವು ಹಲ್ಲು ಕೀಳಿಸಿಕೊಳ್ಳಲು ಹೋಗುವ ದಿನವೂ ಗಂಟೆಯೂ, ಕಾಲೇಜು ಬಿಟ್ಟು ಹೋದವರ ಫೋನಿನಲ್ಲಿ ಮುಂದಿನ ವರ್ಷವೂ ಕಾಣುತ್ತಲೇ ಇರುತ್ತವೆ.