ಗಾಳಿಯೇ ಇಲ್ಲದ ರೇಸು

ಜನವರಿಯ ಒಂದು ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಕಾಪು ದೀಪಸ್ತಂಭದ ಬಂಡೆ ಮೇಲೆ ನಿಂತು ನೋಡಿದ್ದೀರಾ? ರಾತ್ರಿಯಿಡೀ ನೆಲದಿಂದ ಕಡಲಿಗೆ ಬೀಸಿದ ಗಾಳಿ ಆಗ ನಿಂತಿರುತ್ತದೆ. ಉಡುಪಿಯಿಂದ ಕಾರ್ಕಳದವರೆಗೆ ನೆಲ ಕಾದು, ಬಿಸಿಗಾಳಿ ಮೇಲೇರಿದ ನಂತರವೇ ಕಡಲಗಾಳಿ ಒಳಗೆ ಬರುವುದು. ಹಾಯಿ ಕಟ್ಟಿ ಮೀನಿಗೆ ಹೋಗುತ್ತಿದ್ದ ಕಾಲದಲ್ಲಿ ನಮ್ಮ ಕರಾವಳಿಯವರು ನಸುಕಿನ ಗಾಳಿಗೆ ಹೊರಟು, ಮಧ್ಯಾಹ್ನದ ಗಾಳಿಗೆ ಮರಳುತ್ತಿದ್ದದ್ದು ಇದೇ ಲೆಕ್ಕದಲ್ಲಿ. ನಡುವಿನ ಹೊತ್ತು ಕಾಯಲೇಬೇಕು.

ಅಂಥ ಹೊತ್ತಲ್ಲೇ ಹಾಯಿದೋಣಿ ರೇಸ್ ಇದ್ದರೆ? ಗಾಳಿ ಇಲ್ಲ ಅಂದ್ರೆ ರೇಸೂ ಇಲ್ಲ ಅಂತ ನಾವೂ ಅಂದುಕೊಂಡಿದ್ದೆವು. ಆದರೆ ಗೆಲುವು ಸೋಲು ಹೆಚ್ಚಾಗಿ ತೀರ್ಮಾನವಾಗುವುದು ಇಲ್ಲೇ.

ಫ್ಲೂಯಿಡ್ ಮೆಕ್ಯಾನಿಕ್ಸ್ ಕ್ಲಾಸ್ ನೆನಪಿಸಿಕೊಳ್ಳಿ. ಹಾಯಿಯ ಮೇಲಿನ ಬಲ ಗಾಳಿಯ ವೇಗದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ಗಾಳಿ 8 ನಾಟ್‌ನಿಂದ 4ಕ್ಕೆ ಇಳಿದರೆ ಬಲ ಅರ್ಧ ಅಲ್ಲ, ಕಾಲು ಭಾಗ. 2ಕ್ಕೆ ಇಳಿದರೆ ಹದಿನಾರರಲ್ಲಿ ಒಂದು ಪಾಲು. ಇಷ್ಟು ಕಡಿಮೆ ಬಲದಲ್ಲಿ ಚುಕ್ಕಾಣಿಯನ್ನು ಒಮ್ಮೆ ಜೋರಾಗಿ ತಿರುಗಿಸಿದರೂ ಅದೇ ಬ್ರೇಕ್. ಯಾರಾದರೂ ಧಡಕ್ಕನೆ ಎದ್ದರೆ ಹಾಯಿ ಅಲುಗಿ, ಅದಕ್ಕೆ ಅಂಟಿ ಹರಿಯುತ್ತಿದ್ದ ಗಾಳಿ ಕಳಚಿಹೋಗುತ್ತದೆ. ಕಳೆದ ವೇಗ ಮರಳಿ ಬರಲು ನಿಮಿಷಗಳೇ ಬೇಕು.

ಹಾಗಾಗಿ ಅನುಭವಿಗಳು ಬೆಕ್ಕಿನ ಹೆಜ್ಜೆಯಲ್ಲಿ ಓಡಾಡುತ್ತಾರೆ. ಗಾಳಿ ಹೊರಹೋಗುವ ಬದಿಯಲ್ಲಿ ಕೂತು ದೋಣಿಯನ್ನು ತುಸು ವಾಲಿಸುತ್ತಾರೆ. ಸಣ್ಣ ದೋಣಿಗಳಲ್ಲಿ ಇದರಿಂದ ನೀರಿಗೆ ತಾಗುವ ಮೈ ಕಡಿಮೆಯಾಗಿ ಘರ್ಷಣೆ ಇಳಿಯುತ್ತದೆ. ಹಾಯಿ ತನ್ನ ಭಾರಕ್ಕೇ ಜೋತು ಬೇಕಾದ ಬಾಗು ಪಡೆಯುತ್ತದೆ. ಗುರಿ ಗಾಳಿಯ ದಿಕ್ಕಿನಲ್ಲಿದ್ದರೆ ಹತ್ತಿರದ ದಾರಿಗೆ ಆಸೆಪಟ್ಟು ಗಾಳಿಗೆ ತೀರಾ ಎದುರಾಗಿ ತಿರುಗಿಸುವುದಿಲ್ಲ. ತುಸು ಸುತ್ತಾದರೂ ದೋಣಿ ಚಲಿಸುತ್ತಲೇ ಇರಬೇಕು.

ಅವಸರಕ್ಕೆ ನಿಯಮದಲ್ಲೂ ಜಾಗವಿಲ್ಲ. ರೇಸಿಂಗ್ ನಿಯಮಾವಳಿಯ 42ನೆಯ ನಿಯಮದ ಪ್ರಕಾರ ಹಾಯಿಯನ್ನು ಬೀಸಣಿಗೆಯಂತೆ ಬೀಸುವ ಹಾಗಿಲ್ಲ, ದೋಣಿಯನ್ನು ಪದೇ ಪದೇ ತೂಗುವ ಹಾಗಿಲ್ಲ, ಚುಕ್ಕಾಣಿಯನ್ನು ಹುಟ್ಟಿನಂತೆ ಬಳಸುವ ಹಾಗಿಲ್ಲ. ಲಂಗರು ಹಾಕುವುದಕ್ಕೆ ಮಾತ್ರ ಅಡ್ಡಿಯಿಲ್ಲ! ನೀರಿನ ಸೆಳೆತ ಎಲ್ಲರನ್ನೂ ಹಿಂದಕ್ಕೆ ಎಳೆಯುವಾಗ ಲಂಗರು ಹಾಕಿ ನಿಂತ ದೋಣಿ ನಿಂತಲ್ಲೇ ಮುಂದಾಗುತ್ತದೆ. ಮತ್ತೆ ಹೊರಡುವಾಗ ಲಂಗರು ಎತ್ತಿಕೊಂಡರಾಯಿತು.

ಆದರೆ ಸುಮ್ಮನೆ ಕೂತವರ ಕಣ್ಣು ಸುಮ್ಮನಿರುವುದಿಲ್ಲ. ನುಣುಪಾದ ನೀರಲ್ಲಿ ಎಲ್ಲಾದರೂ ಸಣ್ಣ ಅಲೆಗಳ ಕಪ್ಪು ಪಟ್ಟೆ ಕಂಡರೆ ಅಲ್ಲಿ ಗಾಳಿ ಇಳಿದಿದೆ ಎಂದರ್ಥ. ಮೊದಲು ಕಂಡವರು ಮೊದಲು ತಲುಪುತ್ತಾರೆ.

ಮುಂದಿನ ಸಲ ಮಣಿಪಾಲದಿಂದ ಕಾಪುವಿಗೆ ಬೆಳಿಗ್ಗೆ ಹೋದರೆ ಮೊಬೈಲ್ ಜೇಬಿಗಿಟ್ಟು ಹತ್ತು ನಿಮಿಷ ನೀರು ನೋಡಿ. ಆ ಕಪ್ಪು ಪಟ್ಟೆ ನಿಮಗೂ ಕಾಣಬಹುದು.