ಅರೆಟೊಳ್ಳು ಗಿಟಾರಿನ ಬ್ರಿಡ್ಜ್ ದನಿ

ದೂರು ಬರುವುದೆಲ್ಲ ಬ್ರಿಡ್ಜ್ ಪಿಕಪ್ಪಿನ ಮೇಲೆಯೇ. ಸೆಮಿ-ಹಾಲೋ ಗಿಟಾರ್ ನುಡಿಸುವವರನ್ನು ಕೇಳಿ ನೋಡಿ. ನೆಕ್ ಬದಿಯ ಪಿಕಪ್ ದುಂಡಗೆ, ಬೆಚ್ಚಗೆ ಹಾಡುತ್ತದೆ. ಸ್ವಿಚ್ ಕೆಳಕ್ಕೆ ಒತ್ತಿ ಬ್ರಿಡ್ಜ್ ಪಿಕಪ್ಪಿಗೆ ಬಂದರೆ ದನಿ ಒಣಗಿ ಕಿವಿಗೆ ಚುಚ್ಚುತ್ತದೆ. ಬ್ರಿಡ್ಜಿನ ಬುಡದಲ್ಲಿ ತಂತಿ ಅಲುಗುವುದೇ ಕಡಿಮೆ. ಅಲ್ಲಿ ತಳದ ಸ್ವರಕ್ಕಿಂತ ಮೇಲಿನ ಅನುಸ್ವರಗಳದ್ದೇ ದೊಡ್ಡ ಪಾಲು.

ನನ್ನ ಗಿಟಾರಿಗೂ ಇದೇ ಕಾಯಿಲೆ. ದನಿ ಬಡಕಲಾಗಿದೆಯೆಂದು ಭಾವಿಸಿ, ಸಿಕ್ಕಿದ್ದರಲ್ಲೇ ಅತಿ ಜೋರಾದ ಪಿಕಪ್ ತಂದು ಹಾಕಿದೆ. ಮೀಟರಿನಲ್ಲಿ ಅದರ ಸುರುಳಿಯ ರೋಧ 16 ಕಿಲೋಓಮ್ ತೋರಿಸುತ್ತಿತ್ತು. ಪೂರ್ತಿ ಕಾರ್ಡ್ ಹಿಡಿದರೆ ಆರೂ ತಂತಿಗಳು ಕಲಸಿಹೋಗುತ್ತಿದ್ದವು. ಆಂಪ್ ಸ್ವಲ್ಪ ಏರಿಸಿದರೆ ಊಳಿಡುತ್ತಿತ್ತು. ಎಲ್ಲಕ್ಕಿಂತ ನೋವಾದದ್ದು ಮರದ ದನಿಯೇ ಕಾಣೆಯಾದದ್ದು. ತಂತಿ ಮೀಟಿದೊಡನೆ ಟೊಳ್ಳಿನಿಂದ ಏಳುವ ಆ ಉಸಿರಿಗಾಗಿಯೇ ಅಲ್ಲವೇ ಈ ಗಿಟಾರ್ ಕೊಳ್ಳುವುದು?

ಈ ಜಾತಿಯ ಗಿಟಾರಿಗೆ ಹೆಸರು ತಂದದ್ದು ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂ ಊರಿನಿಂದ 1958ರಲ್ಲಿ ಹೊರಬಂದ ಗಿಬ್ಸನ್ ಇಎಸ್-335. ಪೂರ್ತಿ ಟೊಳ್ಳಿನ ಗಿಟಾರುಗಳು ಸದ್ದು ಏರಿದಂತೆ ಊಳಿಡುತ್ತಿದ್ದುದರಿಂದ ಇದರ ನಡುವೆ ಉದ್ದಕ್ಕೂ ಮೇಪಲ್ ದಿಮ್ಮಿ ಕೂರಿಸಿ, ಎರಡು ಪಕ್ಕೆಗಳನ್ನು ಮಾತ್ರ ಟೊಳ್ಳಾಗಿ ಬಿಟ್ಟರು. ಆದರೂ ಊಳು ಪೂರ್ತಿ ಹೋಗಲಿಲ್ಲ. ಬ್ಲೂಸ್ ವಾದಕ ಬಿ.ಬಿ. ಕಿಂಗ್ ಗಿಟಾರಿನ ಮುಖದ ಮೇಲಿನ ಎಫ್ ಆಕಾರದ ರಂಧ್ರಗಳಿಗೆ ಬಟ್ಟೆ ತುರುಕಿಕೊಂಡು ನುಡಿಸುತ್ತಿದ್ದರು; ಅವರ 'ಲೂಸಿಲ್' ಮಾದರಿಯನ್ನು ಗಿಬ್ಸನ್ ಆ ರಂಧ್ರಗಳೇ ಇಲ್ಲದಂತೆ ಮಾಡಿತು.

335ರಲ್ಲಿದ್ದದ್ದು ಗಿಬ್ಸನ್ನಿನ ಎಂಜಿನಿಯರ್ ಸೇತ್ ಲವರ್ ರೂಪಿಸಿದ ಹಂಬಕರ್ ಪಿಕಪ್. ಪೇಟೆಂಟಿಗೆ ಅರ್ಜಿ ಹಾಕಿದ್ದು 1955ರಲ್ಲಿ, ಸಿಕ್ಕಿದ್ದು 1959ರಲ್ಲಿ. ಅಕ್ಕಪಕ್ಕದ ಎರಡು ಸುರುಳಿಗಳು ಒಂದಕ್ಕೊಂದು ವಿರುದ್ಧವಾಗಿದ್ದು ಗುಂಯ್‌ಗುಡುವಿಕೆಯನ್ನು ಅಳಿಸುತ್ತವೆ. ಪ್ರತಿ ಸುರುಳಿಗೆ ಸುಮಾರು 5,000 ಸುತ್ತು; ಆ ಲೆಕ್ಕವೂ ಒಂದೇ ಸಮನಾಗಿರಲಿಲ್ಲ, ಹಾಗಾಗಿ ಒಂದರಂತೆ ಇನ್ನೊಂದಿಲ್ಲ. ಹೆಚ್ಚಿನವು 7ರಿಂದ 9 ಕಿಲೋಓಮ್ ಒಳಗೇ ಇವೆ. ಇಂದಿಗೂ ಜನ ಹುಡುಕಿಕೊಂಡು ಹೋಗುವ ದನಿ ಇಷ್ಟು ಸಾಧುವಾದ ಪಿಕಪ್ಪಿನದು!

ಹಾಗೆಂದು ಓಮ್ ಒಂದನ್ನೇ ನಂಬಿ ಕೊಳ್ಳಬಾರದು. ಸುರುಳಿಯ ತಾಮ್ರದ ಎಳೆ ಸಣ್ಣದಾದರೆ ಸುತ್ತು ಅಷ್ಟೇ ಇದ್ದರೂ ಓಮ್ ಏರುತ್ತದೆ. ಮ್ಯಾಗ್ನೆಟ್ ಯಾವುದೆಂದು ಕೇಳಿ. ಆಲ್ನಿಕೊ 5 ಚುರುಕು, ತಳ ಬಿಗಿ. ಆಲ್ನಿಕೊ 2 ಮೆದು, ತುದಿಗಳು ಉರುಟು. ಕಿವಿ ಚುಚ್ಚುವ ಗಿಟಾರಿಗೆ ನಾನು 2ನ್ನೇ ಹೇಳುತ್ತೇನೆ. ಜೋರಾಗಿ ನುಡಿಸುವವರು ಸುರುಳಿಯನ್ನು ಮೇಣದಲ್ಲಿ ಅದ್ದಿದ್ದಾರೆಯೇ ಎಂದೂ ವಿಚಾರಿಸಬೇಕು. ಮೇಣವಿಲ್ಲದ್ದು ದನಿಯಲ್ಲಿ ಹೆಚ್ಚು ತೆರೆದಿರುತ್ತದೆ, ಆದರೆ ಬೇಗ ಕಿರುಚುತ್ತದೆ. ನಾಲ್ಕು ವೈರಿನದು ಸಿಕ್ಕರೆ ಒಳ್ಳೆಯದು. ಎರಡೂ ಪಿಕಪ್ ಸೇರಿಸಿದಾಗ ದನಿ ಸೊರಗಿದರೆ ಒಂದರ ದಿಕ್ಕು ತಿರುಗಿದೆ ಎಂದರ್ಥ. ನಾಲ್ಕು ವೈರಿನದರಲ್ಲಿ ವೈರು ಅದಲುಬದಲು ಮಾಡಿದರೆ ಸರಿಹೋಗುತ್ತದೆ.

ಇದೆಲ್ಲಕ್ಕಿಂತ ಮುಂಚೆ ಒಂದು ಸ್ಕ್ರೂಡ್ರೈವರ್ ಹಿಡಿಯಿರಿ. ಕೊನೆಯ ಫ್ರೆಟ್ಟಿನಲ್ಲಿ ತಂತಿ ಒತ್ತಿ, ಪಿಕಪ್ಪಿಗೂ ತಂತಿಗೂ ಸುಮಾರು 2 ಮಿಲಿಮೀಟರ್ ಅಂತರ ಬರುವಂತೆ ಏರಿಸಿ ಇಳಿಸಿ, ಒಂದು ವಾರ ನುಡಿಸಿ. ಎಷ್ಟೋ ಗಿಟಾರುಗಳ ಕಾಯಿಲೆ ಅಲ್ಲಿಗೇ ವಾಸಿಯಾಗುತ್ತದೆ, ಖರ್ಚೂ ಇಲ್ಲ.

ನನ್ನದು ವಾಸಿಯಾಗಲಿಲ್ಲ. 8 ಕಿಲೋಓಮ್‌ನ ಆಲ್ನಿಕೊ 2 ತಂದೆ. ಈ ಗಿಟಾರುಗಳಿಗೆ ಹಿಂಬದಿಯಲ್ಲಿ ಮುಚ್ಚಳವಿಲ್ಲ. ನಾಬುಗಳ ಕೆಳಗಿನ ಪಾಟುಗಳು, ವೈರುಗಳೆಲ್ಲ ಎಫ್ ರಂಧ್ರದ ಮೂಲಕವೇ ಹೊರಬರಬೇಕು, ಒಳಹೋಗಬೇಕು. ಒಂದೊಂದು ಪಾಟಿನ ಕಡ್ಡಿಗೂ ಹೊಲಿಗೆ ನೂಲು ಕಟ್ಟಿ, ತುದಿಯನ್ನು ಮೇಲೆ ಟೇಪಿನಿಂದ ಅಂಟಿಸಿ, ಮೆಲ್ಲನೆ ಒಳಕ್ಕೆ ತಳ್ಳಿ ಹೊರಗೆಳೆದೆ. ಬೆಸುಗೆ ಮುಗಿದ ಮೇಲೆ, ಒಳಗೆ ಕೂರಿಸುವ ಮುನ್ನ, ಆಂಪಿಗೆ ಸಿಕ್ಕಿಸಿ ಪಿಕಪ್ಪನ್ನು ಸ್ಕ್ರೂಡ್ರೈವರಿನಿಂದ ತಟ್ಟಿದೆ. 'ಟಕ್' ಎಂದಿತು. ಆಮೇಲೆ ನೂಲು ಎಳೆಯುತ್ತ ಹೋದಂತೆ ಪಾಟುಗಳು ಒಂದೊಂದಾಗಿ ತಮ್ಮ ತೂತಿನಲ್ಲಿ ತಲೆ ಎತ್ತಿದವು. ನಾಲ್ಕನೆಯದರ ನೂಲು ಕಳಚಿತು. ಬಾಗಿಸಿದ ತಂತಿ, ಟಾರ್ಚು, ಅರ್ಧ ಗಂಟೆ.

ಸ್ವಿಚ್ ಕೆಳಕ್ಕೆ ಒತ್ತಿ ಒಂದು ಕಾರ್ಡ್ ಮೀಟಿದೆ. ಆರೂ ತಂತಿಗಳು ಬಿಡಿಬಿಡಿಯಾಗಿ ಕೇಳಿದವು, ಅವುಗಳ ಹಿಂದೆ ಮರವೂ.