ಡಬ್ಬಿ ಒಡೆದು ನಾಣ್ಯವನ್ನು ಆಲ್ಬಮ್‌ಗೆ ಹಾಕಬಹುದೇ?

ಪ್ರಶ್ನೆ: ಟಿಪ್ಪು ಕಾಲದ ತಾಮ್ರದ ಆನೆ ನಾಣ್ಯವೊಂದು ಗ್ರೇಡ್ ಮಾಡಿದ ಪ್ಲಾಸ್ಟಿಕ್ ಡಬ್ಬಿಯಲ್ಲಿದೆ. ತೆಗೆದು ಆಲ್ಬಮ್‌ನಲ್ಲಿ ಇಡಲೇ? — ಓದುಗರು, ಕಳಸ

ಉತ್ತರ: ತೆಗೆಯಬಹುದು. ಆದರೆ ಡಬ್ಬಿ ಒಡೆದ ಕೂಡಲೇ ಆ ಗ್ರೇಡಿನ ಖಾತರಿ ಹೋಗುತ್ತದೆ. ಮುಂದೆ ಮಾರುವ ಯೋಚನೆಯಿದ್ದರೆ ಮುಟ್ಟಬೇಡಿ. ನೋಡಿ ಖುಷಿಪಡಲಿಕ್ಕಾದರೆ, ಮೊದಲು ಡಬ್ಬಿಯಲ್ಲಿರುವ ಗ್ರೇಡಿನ ಚೀಟಿ ಕಾಣುವಂತೆ ಫೋಟೊ ತೆಗೆದಿಡಿ. ಡಬ್ಬಿಯ ಎರಡು ಹೋಳುಗಳನ್ನು ಅಂಚಿನಲ್ಲಿ ಬೆಸೆದಿರುತ್ತಾರೆ. ದಪ್ಪ ಟವೆಲ್ ಸುತ್ತಿ, ನಾಣ್ಯದಿಂದ ದೂರದ ಮೂಲೆಯನ್ನು ಕಟಿಂಗ್ ಪ್ಲೇಯರ್‌ನಿಂದ ಮೆಲ್ಲಗೆ ಅದುಮಿ. ಚೂರು ಸಿಡಿಯುತ್ತದೆ, ಕನ್ನಡಕ ಹಾಕಿಕೊಳ್ಳಿ. ಸುತ್ತಿಗೆ ಖಂಡಿತ ಬೇಡ. ನಾಣ್ಯವನ್ನು ಅಂಚಿನಲ್ಲಷ್ಟೇ ಹಿಡಿಯಿರಿ. ಬೆರಳ ಬೆವರು ತಾಮ್ರದ ಮೇಲೆ ಕಲೆಯಾಗಿ ಉಳಿಯುತ್ತದೆ.

ನನಗೆ ಹೆಚ್ಚು ಚಿಂತೆ ಆಲ್ಬಮ್‌ನದೇ. ಅಗ್ಗದ ಮೆತ್ತನೆಯ ಪಿವಿಸಿ ಹಾಳೆ ಕಾಲಕ್ರಮೇಣ ಆಮ್ಲ ಬಿಡುತ್ತದೆ, ನಾಣ್ಯದ ಮೇಲೆ ಹಸಿರು ಅಂಟು ಕೂರುತ್ತದೆ. ಮಲೆನಾಡಿನ ಮಳೆಗಾಲದ ಥಂಡಿ ಅದನ್ನು ಇನ್ನಷ್ಟು ಬೇಗ ಮಾಡುತ್ತದೆ. ಪಾಲಿಯೆಸ್ಟರ್ ಹಾಳೆಯ ಆಲ್ಬಮ್ಮನ್ನೇ ಕೇಳಿ ಕೊಳ್ಳಿ. ಅದನ್ನು ಮುಚ್ಚಳ ಬಿಗಿಯಾದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಟ್ಟು, ಮಳೆಗಾಲದಲ್ಲಿ ಪೊಟ್ಟಣ ಬದಲಿಸುತ್ತಿರಿ. ನಾಣ್ಯ ಹೊರಗೆ ಬಂತೆಂದು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಇನ್ನೂರು ವರ್ಷದಲ್ಲಿ ಕಟ್ಟಿದ ಕಂದು ಬಣ್ಣ ಮತ್ತೆ ಬರುವುದಿಲ್ಲ.